ಪ್ಲಾಸ್ಟಿಕ್ ಹಾಳೆಗೆ ಪಿಂಗಾಣಿ ಪುಡಿ: ಬೆಂಕಿಯ ಭಯವಿಲ್ಲದ ಬ್ಯಾಟರಿ ಇನ್ನೆಷ್ಟು ದೂರ?

ಬೆಂಗಳೂರು: ಬಿನ್ನಿಪೇಟೆಯಲ್ಲಿ ಈಗ ಮಗ್ಗದ ಸದ್ದಿಲ್ಲ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಜನ ಬಿನ್ನಿ ಮಿಲ್ ಎಂದೇ ಕರೆದರು. ಅದು ಬಾಗಿಲು ಮುಚ್ಚಿ ವರ್ಷಗಳೇ ಕಳೆದಿವೆ. ಗಿರಣಿ ಇದ್ದ ನೆಲದಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ, ಮಾಲ್ ಬಂದಿದೆ. ಅದರ ಸುತ್ತ, ಗೋಡೆಗೆ ಗೋಡೆ ತಾಗಿಸಿಕೊಂಡ ಹಳೆಯ ಮನೆಗಳ ಓಣಿಗಳು ಹಾಗೆಯೇ ಉಳಿದಿವೆ. ಸಮುಚ್ಚಯದ ನೆಲಮಾಳಿಗೆಯಿರಲಿ, ಓಣಿಯ ಮನೆಯ ಮೆಟ್ಟಿಲ ಬುಡವಿರಲಿ, ರಾತ್ರಿಯ ಹೊತ್ತು ಎರಡೂ ಕಡೆ ಒಂದೇ ನೋಟ: ಗೋಡೆಯ ಪ್ಲಗ್ಗಿನಿಂದ ಇಳಿದ ತಂತಿ, ಅದರ ತುದಿಯಲ್ಲೊಂದು ವಿದ್ಯುತ್ ಸ್ಕೂಟರ್.

ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ಪ್ರಕಟಿಸಿದ ರಾಜ್ಯ ಕರ್ನಾಟಕ. ಆ ಹೆಮ್ಮೆಯ ಬೆನ್ನಿಗೇ ಒಂದು ಅಳುಕೂ ಬಂದಿದೆ. 2024ರ ನವೆಂಬರ್ 19ರಂದು ಬಿನ್ನಿಪೇಟೆಗೆ ದೂರವಲ್ಲದ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯೊಂದು ಹೊತ್ತಿ ಉರಿಯಿತು. ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬರು ಹೊರಬರಲಾಗದೆ ಅಸುನೀಗಿದರು. ಹತ್ತಾರು ಸ್ಕೂಟರ್‌ಗಳು ಸುಟ್ಟು ಕರಕಲಾದವು. ಅಂಥ ಬೆಂಕಿಯ ಮೂಲ ಬ್ಯಾಟರಿಯೇ ಇರಲಿ, ಗೋಡೆಯ ತಂತಿಯೇ ಇರಲಿ, ಒಮ್ಮೆ ಅದು ಲಿಥಿಯಂ ಬ್ಯಾಟರಿಗಳಿಗೆ ತಗುಲಿದರೆ ಆರಿಸುವುದು ಬಹಳ ಕಷ್ಟ.

ಅಂದಿನಿಂದ ಜನರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: "ಘನ ಬ್ಯಾಟರಿ ಬಂದರೆ ಬೆಂಕಿಯ ಭಯವಿಲ್ಲವಂತೆ." ಈ 'ಅಂತೆ'ಯಲ್ಲಿ ಎಷ್ಟು ಸತ್ಯವಿದೆ? ಉತ್ತರ ಬೇಕಾದರೆ ಕೂದಲೆಳೆಗಿಂತ ತೆಳುವಾಗಿಸಬೇಕಾದ ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಅದರೊಳಗೆ ಬೆರೆಸುವ ಒಂದು ಚಿಟಿಕೆ ಸಿರಾಮಿಕ್ ಪುಡಿಯನ್ನೂ ಅರಿಯಬೇಕು.

ಬೆಂಕಿ ಇರುವುದೆಲ್ಲಿ?

ಲಿಥಿಯಂ ಅಯಾನು ಬ್ಯಾಟರಿ 1991ರಲ್ಲಿ ಜಪಾನಿನ ಸೋನಿ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಇದರೊಳಗೆ ಎರಡು ವಿದ್ಯುದಗ್ರಗಳಿರುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನಾಗ್ರದಿಂದ ಋಣಾಗ್ರಕ್ಕೆ ಹೋಗಿ ಕೂರುತ್ತವೆ. ಗಾಡಿ ಓಡುವಾಗ ಮರಳಿ ಬರುತ್ತವೆ. ಅಯಾನು ಎಂದರೆ ವಿದ್ಯುದಂಶ ಹೊತ್ತ ಪರಮಾಣು. ಈ ಓಡಾಟಕ್ಕೆ ನಡುವೆ ಒಂದು ಮಾಧ್ಯಮ ಬೇಕು. ಅದಕ್ಕೆ ವಿದ್ಯುದ್ವಿಭಾಜ್ಯ ಅಥವಾ ಎಲೆಕ್ಟ್ರೊಲೈಟ್ ಎಂದು ಹೆಸರು.

ಎಲೆಕ್ಟ್ರೊಲೈಟ್ ವಿಚಿತ್ರವಾದ ದ್ವಾರಪಾಲಕ. ಅಯಾನುಗಳನ್ನು ಅದು ಸಲೀಸಾಗಿ ಬಿಡಬೇಕು, ಎಲೆಕ್ಟ್ರಾನುಗಳನ್ನು ಮಾತ್ರ ಖಂಡಿತ ಬಿಡಬಾರದು. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಸುತ್ತಿ ಬಂದರೆ ಮೋಟಾರ್ ತಿರುಗುತ್ತದೆ. ಒಳಗಿನಿಂದಲೇ ನುಸುಳಿದರೆ ಅದು ಶಾರ್ಟ್ ಸರ್ಕ್ಯೂಟ್.

ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಎಲ್ಲ ವಿದ್ಯುತ್ ಸ್ಕೂಟರ್‌ಗಳಲ್ಲಿ ಈ ಮಾಧ್ಯಮ ದ್ರವರೂಪದ್ದು. ಕಾರ್ಬೊನೇಟ್ ಜಾತಿಯ ಸಾವಯವ ದ್ರಾವಕಗಳಲ್ಲಿ ಲಿಥಿಯಂ ಲವಣವನ್ನು ಕರಗಿಸಿ ಅದನ್ನು ತಯಾರಿಸುತ್ತಾರೆ. ಇಂಥ ದ್ರಾವಕಗಳಲ್ಲಿ ಒಂದಾದ ಡೈಮಿಥೈಲ್ ಕಾರ್ಬೊನೇಟಿನ ಆವಿ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಅದು ಬೆಂಗಳೂರಿನ ಚಳಿಗಾಲದ ಮುಂಜಾವಿನ ಉಷ್ಣತೆ. ಬ್ಯಾಟರಿಗೆ ಪೆಟ್ಟು ಬಿದ್ದಾಗ, ಮಿತಿಮೀರಿ ಚಾರ್ಜ್ ಆದಾಗ ಅಥವಾ ಒಳಗೆ ಶಾರ್ಟ್ ಸರ್ಕ್ಯೂಟ್ ಆದಾಗ ಒಂದು ಕೋಶ ಕಾಯುತ್ತದೆ, ದ್ರವ ಆವಿಯಾಗಿ ಚಿಮ್ಮುತ್ತದೆ, ಉರಿ ಪಕ್ಕದ ಕೋಶಕ್ಕೆ ದಾಟುತ್ತದೆ.

ಹಾಗಾದರೆ ದ್ರವವನ್ನೇ ತೆಗೆದು ಘನವಸ್ತುವನ್ನು ಇಡಬಾರದೇಕೆ? ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿ ಅರ್ಧ ಶತಮಾನವಾಗಿದೆ.

ನೂಲಿನ ಲಡಿ ಮತ್ತು ನೂಲಿನ ಗೋಜಲು

1973ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಲವಣಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ ಎಂದು ತೋರಿಸಿದರು. ನೀರಿನಲ್ಲಿ ಉಪ್ಪು ಕರಗುವಂತೆ ಘನ ಪ್ಲಾಸ್ಟಿಕ್‌ನಲ್ಲಿ ಉಪ್ಪು ಕರಗಿತ್ತು. ಇದನ್ನೇ ಬ್ಯಾಟರಿಯ ಎಲೆಕ್ಟ್ರೊಲೈಟ್ ಆಗಿ ಬಳಸಬಹುದೆಂದು 1978ರಲ್ಲಿ ಫ್ರಾನ್ಸಿನ ಮಿಶೆಲ್ ಆರ್ಮಾಂಡ್ ಸೂಚಿಸಿದರು.

ಈ ಪಾಲಿಮರ್ ಎಂದರೆ ಉದ್ದನೆಯ ಅಣುಸರಪಳಿಗಳ ರಾಶಿ. ಗಿರಣಿಯ ನೆನಪಿರುವ ಬಿನ್ನಿಪೇಟೆಯವರಿಗೆ ಇದನ್ನು ನೂಲಿನ ಮೂಲಕ ಹೇಳುವುದು ಸುಲಭ. ಬಿಗಿಯಾಗಿ, ಸಾಲಾಗಿ ಸುತ್ತಿದ ಲಡಿಯಲ್ಲಿ ಎಳೆಗಳು ಅಲುಗಾಡಲಾರವು. ಸಡಿಲವಾಗಿ ಗೋಜಲಾಗಿ ಬಿದ್ದ ನೂಲಿನಲ್ಲಿ ಎಳೆಗಳು ಅತ್ತಿತ್ತ ಸರಿಯಬಲ್ಲವು. ಪಾಲಿಮರಿನಲ್ಲೂ ಹೀಗೆ ಎರಡು ಭಾಗಗಳಿವೆ. ಅಚ್ಚುಕಟ್ಟಾಗಿ ಜೋಡಿಸಿಕೊಂಡದ್ದು ಸ್ಫಟಿಕ ಭಾಗ. ಗೋಜಲಾಗಿರುವುದು ಅಸ್ಫಟಿಕ ಭಾಗ.

ಲಿಥಿಯಂ ಅಯಾನು ಸರಪಳಿಯ ಆಮ್ಲಜನಕ ಪರಮಾಣುಗಳಿಗೆ ಅಂಟಿಕೊಂಡಿರುತ್ತದೆ. ಸರಪಳಿ ಅಲುಗಿದಾಗ ಒಂದು ಆಮ್ಲಜನಕದ ಕೈಬಿಟ್ಟು ಮುಂದಿನದರ ಕೈ ಹಿಡಿಯುತ್ತದೆ. ಎಂದರೆ, ಎಳೆ ಅಲುಗದಿದ್ದರೆ ಅಯಾನು ಚಲಿಸುವುದಿಲ್ಲ. ಅಯಾನುಗಳ ಸಂಚಾರ ಮುಖ್ಯವಾಗಿ ಗೋಜಲು ಭಾಗದಲ್ಲೇ ನಡೆಯುತ್ತದೆಂದು 1983ರಲ್ಲಿ ಫ್ರಾನ್ಸಿನ ಬರ್ತಿಯೆ ಮತ್ತು ಸಂಗಡಿಗರು ಪರಮಾಣು ಕಾಂತೀಯ ಅನುರಣನ ವಿಧಾನದಿಂದ ತೋರಿಸಿಕೊಟ್ಟರು.

ತೊಡಕು ಇರುವುದು ಇಲ್ಲಿಯೇ. ಪಾಲಿಎಥಿಲೀನ್ ಆಕ್ಸೈಡಿನ ಸ್ಫಟಿಕಗಳು ಕರಗುವುದು ಸುಮಾರು 65 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗೆ, ನಮ್ಮ ಕೋಣೆಯ ಉಷ್ಣತೆಯಲ್ಲಿ, ನೂಲಿನ ಬಹುಭಾಗ ಲಡಿಯಾಗಿ ಬಿಗಿದುಕೊಂಡಿರುತ್ತದೆ. ಅಯಾನುಗಳ ದಾರಿ ಮುಚ್ಚಿಹೋಗುತ್ತದೆ.

ಸಂಖ್ಯೆಗಳು ಹೇಳುವ ಕಥೆ

ದಾರಿ ಎಷ್ಟು ಸುಗಮ ಎಂಬುದನ್ನು ಅಳೆಯುವ ಮಾನಕ್ಕೆ ಅಯಾನು ವಾಹಕತೆ ಎನ್ನುತ್ತಾರೆ. ಅದರ ಏಕಮಾನ ಸೀಮೆನ್ಸ್ ಪ್ರತಿ ಸೆಂಟಿಮೀಟರ್. ದ್ರವ ಎಲೆಕ್ಟ್ರೊಲೈಟಿನ ವಾಹಕತೆ ಈ ಮಾನದಲ್ಲಿ ಸುಮಾರು ನೂರರಲ್ಲಿ ಒಂದು ಪಾಲು. ಲವಣ ಬೆರೆತ ಪಾಲಿಎಥಿಲೀನ್ ಆಕ್ಸೈಡಿನದು ಕೋಣೆಯ ಉಷ್ಣತೆಯಲ್ಲಿ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ವ್ಯತ್ಯಾಸ ಒಂದು ಲಕ್ಷ ಪಟ್ಟು.

ಇದರ ಪರಿಣಾಮವನ್ನು ಓದುಗರೇ ಲೆಕ್ಕ ಹಾಕಿ ನೋಡಬಹುದು. 20 ಮೈಕ್ರೊಮೀಟರ್ ದಪ್ಪದ, ಒಂದು ಚದರ ಸೆಂಟಿಮೀಟರ್ ವಿಸ್ತೀರ್ಣದ ಹಾಳೆಯೊಂದನ್ನು ಊಹಿಸಿಕೊಳ್ಳಿ. ದಪ್ಪವನ್ನು ವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಹಾಳೆಯ ರೋಧ ಸಿಗುತ್ತದೆ. ಅದೇ ದಪ್ಪದ ದ್ರವದ ಪದರಕ್ಕೆ ಅದು 0.2 ಓಮ್. ಕೋಟಿಯಲ್ಲಿ ಒಂದು ಪಾಲಿನ ಪ್ಲಾಸ್ಟಿಕ್‌ಗೆ 20,000 ಓಮ್! ಒಂದು ಮಿಲಿಆಂಪಿಯರಿನ ಸಣ್ಣ ಪ್ರವಾಹ ಹರಿಸಬೇಕಾದರೂ ಈ ಹಾಳೆಯೊಂದರಲ್ಲೇ 20 ವೋಲ್ಟ್ ಕಳೆದುಹೋಗಬೇಕು. ಲಿಥಿಯಂ ಅಯಾನು ಕೋಶದ ಒಟ್ಟು ಸಾಮರ್ಥ್ಯವೇ ಹೆಚ್ಚುಕಡಿಮೆ ನಾಲ್ಕು ವೋಲ್ಟ್. ಇಂಥ ಬ್ಯಾಟರಿಯಿಂದ ಸ್ಕೂಟರ್ ಇರಲಿ, ಕೈದೀಪವೂ ಸರಿಯಾಗಿ ಉರಿಯದು.

ಅದೇ ವಾಹಕತೆ ಲಕ್ಷದಲ್ಲಿ ಒಂದು ಪಾಲಿಗೆ ಏರಿದರೆ ನಷ್ಟ 0.2 ವೋಲ್ಟ್‌ಗೆ ಇಳಿಯುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲಾದರೆ 0.02 ವೋಲ್ಟ್. ವಿಜ್ಞಾನಿಗಳು ಎರಡು ಮೂರು ಸೊನ್ನೆಗಳಿಗಾಗಿ ದಶಕಗಳ ಕಾಲ ಹೆಣಗಾಡಿದ್ದು ಏಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಅವಾಹಕದಿಂದ ಅವಾಹಕಕ್ಕೆ ನೆರವು

ಇಲ್ಲಿ ಪ್ರವೇಶಿಸುವುದೇ ಸಿರಾಮಿಕ್ ಪುಡಿ. ಸಿರಾಮಿಕ್ ಎಂದರೆ ಪಿಂಗಾಣಿಯ ಜಾತಿಗೆ ಸೇರಿದ ವಸ್ತು. ಅದು ವಿದ್ಯುತ್ತನ್ನು ತಡೆಯುವುದಕ್ಕೇ ಹೆಸರುವಾಸಿ. ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹೊತ್ತ ಬಿಳಿ ಅಥವಾ ಕಂದು ಬಟ್ಟಲುಗಳನ್ನು ಎಲ್ಲರೂ ಕಂಡಿದ್ದಾರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿ ಮುಂದೆ ಬಿಎಚ್‌ಇಎಲ್ ತೆಕ್ಕೆಗೆ ಬಂದ ಬೆಂಗಳೂರಿನ ಪಿಂಗಾಣಿ ಕಾರ್ಖಾನೆ ಅಂಥ ಅವಾಹಕಗಳಿಗೇ ಹೆಸರಾಗಿತ್ತು. ಮಲ್ಲೇಶ್ವರದ ಆ ಕಾರ್ಖಾನೆಯ ಎದುರಿಗೇ ಇರುವುದು ಭಾರತೀಯ ವಿಜ್ಞಾನ ಸಂಸ್ಥೆ. ರಸ್ತೆಯ ಒಂದು ಬದಿಯಲ್ಲಿ ವಿದ್ಯುತ್ತನ್ನು ತಡೆಯಲು ತಯಾರಾದ ವಸ್ತುವಿನ ಬಂಧುಗಳೇ, ಇನ್ನೊಂದು ಬದಿಯ ಪ್ರಯೋಗಾಲಯಗಳಲ್ಲಿ ಅಯಾನುಗಳಿಗೆ ದಾರಿ ಮಾಡಿಕೊಡುವ ಕೆಲಸಕ್ಕೆ ಒದಗಿದವು.

ಈ ವಿರೋಧಾಭಾಸದ ಮೊದಲ ಸುಳಿವು ಸಿಕ್ಕಿದ್ದು 1973ರಲ್ಲಿ. ಲಿಥಿಯಂ ಅಯೊಡೈಡ್ ಎಂಬ ಘನ ಲವಣಕ್ಕೆ ಅಲ್ಯುಮಿನಾ ಪುಡಿ ಬೆರೆಸಿದಾಗ ವಾಹಕತೆ ಸುಮಾರು 50 ಪಟ್ಟು ಹೆಚ್ಚಿದುದನ್ನು ಅಮೆರಿಕದ ಸಿ.ಸಿ. ಲಿಯಾಂಗ್ ವರದಿ ಮಾಡಿದರು. 1982ರಲ್ಲಿ ಲಂಡನ್ನಿನ ವೆಸ್ಟನ್ ಮತ್ತು ಸ್ಟೀಲ್ ಅಲ್ಯುಮಿನಾವನ್ನು ಪಾಲಿಎಥಿಲೀನ್ ಆಕ್ಸೈಡಿಗೆ ಬೆರೆಸಿದರು. ಬಿಸಿಯಲ್ಲಿ ಮೆತ್ತಗಾಗಿ ಹರಿಯುವ ಹಾಳೆಗೆ ಗಟ್ಟಿತನ ತರುವುದು ಅವರ ಮುಖ್ಯ ಉದ್ದೇಶವಾಗಿತ್ತು.

ನಿಜವಾದ ಜಿಗಿತ ಬಂದದ್ದು 1998ರಲ್ಲಿ. ರೋಮ್ ನಗರದ ಫೌಸ್ಟೊ ಕ್ರೋಚೆ, ಬ್ರೂನೊ ಸ್ಕ್ರೊಸಾಟಿ ಮತ್ತು ಸಂಗಡಿಗರು ಟೈಟಾನಿಯಂ ಡೈ ಆಕ್ಸೈಡ್ ಹಾಗೂ ಅಲ್ಯುಮಿನಾಗಳ ನ್ಯಾನೊ ಕಣಗಳನ್ನು ತೂಕದಲ್ಲಿ ಶೇ 10ರಷ್ಟು ಬೆರೆಸಿದರು. 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, 50 ಡಿಗ್ರಿಯಲ್ಲಿ ವಾಹಕತೆ ಹತ್ತು ಸಾವಿರದಲ್ಲಿ ಒಂದು ಪಾಲು, 30 ಡಿಗ್ರಿಯಲ್ಲಿ ಲಕ್ಷದಲ್ಲಿ ಒಂದು ಪಾಲು. ಹಾಳೆಯಲ್ಲಿ ಒಂದು ತೊಟ್ಟೂ ದ್ರವವಿರಲಿಲ್ಲ.

ಪುಡಿ ಮಾಡುವ ಕೆಲಸವೇನು?

ಅಲ್ಯುಮಿನಾ ಕಣದೊಳಗಿನಿಂದ ಲಿಥಿಯಂ ಹಾದುಹೋಗುವುದಿಲ್ಲ. ಅಂದಮೇಲೆ ಅದರ ನೆರವು ಪರೋಕ್ಷವಾದದ್ದು. ಸಂಶೋಧಕರು ಇದನ್ನು ಎರಡು ಬಗೆಯಲ್ಲಿ ವಿವರಿಸುತ್ತಾರೆ.

ಮೊದಲನೆಯದು, ಗೋಜಲನ್ನು ಕಾಪಾಡುವ ಕೆಲಸ. ನೂಲಿನ ರಾಶಿಯ ನಡುವೆ ನುಣ್ಣನೆಯ ಮರಳು ಚೆಲ್ಲಿದರೆ ಎಳೆಗಳು ಸಾಲಾಗಿ ಕೂಡಿಕೊಳ್ಳುವುದು ಕಷ್ಟ. ಬಿಸಿ ಮಾಡಿ ತಣಿಸಿದ ಪಾಲಿಮರ್ ಮತ್ತೆ ಸ್ಫಟಿಕವಾಗುವುದನ್ನು ಸಿರಾಮಿಕ್ ಕಣಗಳು ಹೀಗೆಯೇ ನಿಧಾನಗೊಳಿಸುತ್ತವೆ. ಎಳೆಗಳು ಸಡಿಲವಾಗಿ ಉಳಿಯುತ್ತವೆ, ಅಯಾನುಗಳ ದಾರಿ ತೆರೆದಿರುತ್ತದೆ.

ಎರಡನೆಯದು, ಕಣದ ಮೇಲ್ಮೈಯ ರಸಾಯನಕ್ಕೆ ಸಂಬಂಧಿಸಿದ್ದು. ಲವಣ ಕರಗಿದರೂ ಅದರ ಧನ ಅಯಾನು ಮತ್ತು ಋಣ ಅಯಾನುಗಳು ಹಲವೆಡೆ ಜೋಡಿಯಾಗಿಯೇ ಉಳಿಯುತ್ತವೆ. ಜೋಡಿಯ ಒಟ್ಟು ವಿದ್ಯುದಂಶ ಸೊನ್ನೆ. ಆದ್ದರಿಂದ ಅದು ಪ್ರವಾಹಕ್ಕೆ ಪ್ರಯೋಜನವಿಲ್ಲ. ಆಮ್ಲೀಯ ಗುಣದ ಕಣಮೇಲ್ಮೈ ಋಣ ಅಯಾನನ್ನು ತನ್ನತ್ತ ಸೆಳೆದು ಹಿಡಿದಿಟ್ಟರೆ ಲಿಥಿಯಂ ಬಿಡುಗಡೆಯಾಗುತ್ತದೆ.

ಈ ಎರಡನೆಯ ವಿವರಣೆಗೆ ಬೆಂಗಳೂರಿನ ನಂಟಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯೋಆಕಿಮ್ ಮೈಯರ್ ಅವರೊಡನೆ ದುಡಿದ ಅನಿಂದ ಜೆ. ಭಟ್ಟಾಚಾರ್ಯ 2004ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮೆಥನಾಲ್‌ನಲ್ಲಿ ಲಿಥಿಯಂ ಪರ್‌ಕ್ಲೋರೇಟ್ ಲವಣ ಕರಗಿಸಿ, ಸಿಲಿಕಾ, ಅಲ್ಯುಮಿನಾ, ಟೈಟಾನಿಯಾ ಪುಡಿಗಳನ್ನು ಬೇರೆ ಬೇರೆಯಾಗಿ ಬೆರೆಸಿದರು. ಪುಡಿ ಎಂದರೆ ತಡೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆಮ್ಲೀಯ ಮೇಲ್ಮೈಯ ಸಿಲಿಕಾ ವಾಹಕತೆಯನ್ನು ಹೆಚ್ಚಿಸಿತು. ಒದ್ದೆ ಮರಳಿನಂತಿದ್ದ ಈ ಮಿಶ್ರಣಕ್ಕೆ 'ಒದ್ದೆ ಮರಳು' ಎಂದೇ ಹೆಸರು ಬಿತ್ತು. ಭಟ್ಟಾಚಾರ್ಯ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಘನಸ್ಥಿತಿ ಮತ್ತು ಸಂರಚನಾ ರಸಾಯನಶಾಸ್ತ್ರ ಘಟಕಕ್ಕೆ ಬಂದು, ಕಣದ ಮೇಲ್ಮೈಗೂ ಅಯಾನಿನ ಸಂಚಾರಕ್ಕೂ ಇರುವ ಸಂಬಂಧದ ಅಧ್ಯಯನವನ್ನು ವಿದ್ಯಾರ್ಥಿಗಳೊಂದಿಗೆ ಮುಂದುವರಿಸಿದರು.

ಅದೇ ಸಂಸ್ಥೆಯ ಎನ್. ಮುನಿಚಂದ್ರಯ್ಯ ಮತ್ತು ಜಿ. ಗಿರೀಶ್ ಕುಮಾರ್ ಲಿಥಿಯಂ ಬದಲು ಮೆಗ್ನೀಸಿಯಂ ಲವಣ ಬಳಸಿದ ಜೆಲ್ ಪಾಲಿಮರ್ ಎಲೆಕ್ಟ್ರೊಲೈಟ್‌ಗಳ ಬಗ್ಗೆ 2000 ಮತ್ತು 2002ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದ್ದರು. ಮಂಗಳೂರು, ಧಾರವಾಡ, ಮಣಿಪಾಲಗಳ ಭೌತಶಾಸ್ತ್ರ ವಿಭಾಗಗಳಲ್ಲೂ ಪಾಲಿಮರ್ ಎಲೆಕ್ಟ್ರೊಲೈಟ್‌ಗಳ ಸಂಶೋಧನೆ ನಡೆದಿದೆ.

ಅಳೆಯುವ ಬಗೆ

ಇಂಥ ಪ್ರಯೋಗಾಲಯಗಳಲ್ಲಿ ಅಳತೆಯ ಕ್ರಮ ಬಹುಮಟ್ಟಿಗೆ ಒಂದೇ. ನಾಣ್ಯದಾಕಾರದ ಹಾಳೆಯನ್ನು ಎರಡು ಸ್ಟೀಲ್ ಬಿಲ್ಲೆಗಳ ನಡುವೆ ಒತ್ತಿ ಹಿಡಿಯುತ್ತಾರೆ. ನೇರ ವಿದ್ಯುತ್ ಹರಿಸಿದರೆ ಅಯಾನುಗಳು ಒಂದು ಬದಿಯಲ್ಲಿ ಗುಂಪುಗೂಡಿ ಅಳತೆ ಕೆಡುತ್ತದೆ. ಆದ್ದರಿಂದ ಪರ್ಯಾಯ ವಿದ್ಯುತ್ತನ್ನು, ಸೆಕೆಂಡಿಗೆ ಕೆಲವೇ ಆವರ್ತಗಳಿಂದ ಹತ್ತು ಲಕ್ಷ ಆವರ್ತಗಳವರೆಗೆ ಬದಲಿಸುತ್ತ, ಹರಿಸುತ್ತಾರೆ. ಬಂದ ಉತ್ತರವನ್ನು ನಕ್ಷೆಯಾಗಿ ಬರೆದರೆ ಒಂದು ಅರ್ಧವೃತ್ತ, ಅದರ ಪಕ್ಕದಲ್ಲಿ ಬಾಲದಂಥ ಓರೆ ಗೆರೆ ಮೂಡುತ್ತವೆ. ಎರಡೂ ಸೇರುವ ಬಿಂದುವಿನಲ್ಲಿ ಹಾಳೆಯ ರೋಧವನ್ನು ಓದಿಕೊಳ್ಳುತ್ತಾರೆ.

ಈ ಅಳತೆಯಲ್ಲಿ ಒಂದು ಬಲೆಯೂ ಇದೆ. ಪಾಲಿಎಥಿಲೀನ್ ಆಕ್ಸೈಡ್ ಮತ್ತು ಲಿಥಿಯಂ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಹಾಳೆ ತುಸು ಒದ್ದೆಯಾದರೂ ವಾಹಕತೆ ಸುಳ್ಳೇ ಏರಿದಂತೆ ಕಾಣುತ್ತದೆ. ಹಾಳೆಯನ್ನು ಮೊದಲು ಎಷ್ಟು ಕಾಯಿಸಿದ್ದರು, ಎಷ್ಟು ದಿನ ತಣಿಸಿದ್ದರು ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. 1998ರ ನಂತರ ನೂರಾರು ಪ್ರಬಂಧಗಳು ಬಂದರೂ ಎಲ್ಲರಿಗೂ ಒಂದೇ ಪ್ರಮಾಣದ ಏರಿಕೆ ದೊರೆಯದಿರಲು ಇವೂ ಕಾರಣ.

ಪುಡಿ ಹೆಚ್ಚಾದಷ್ಟೂ ಲಾಭ ಎಂಬ ಲೆಕ್ಕವೂ ಇಲ್ಲಿ ನಡೆಯದು. ಅಡುಗೆಗೆ ಉಪ್ಪಿನಂತೆ ಇದಕ್ಕೂ ಹದವಿದೆ. ನಿಷ್ಕ್ರಿಯ ಪುಡಿಗಳಲ್ಲಿ ಸಾಮಾನ್ಯವಾಗಿ ಶೇ 10ರ ಆಸುಪಾಸಿನಲ್ಲಿ ವಾಹಕತೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಆಮೇಲೆ ಕಣಗಳು ಗಂಟುಕಟ್ಟಿಕೊಂಡು ತಾವೇ ದಾರಿಗೆ ಅಡ್ಡ ನಿಲ್ಲುತ್ತವೆ.

ತಾನೇ ದಾರಿಯಾಗುವ ಪುಡಿ

2007ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದುರೈ ಹಾಗೂ ಜರ್ಮನಿಯ ವೆರ್ನರ್ ವೆಪ್ನರ್ ಅವರು ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂ ಮತ್ತು ಆಮ್ಲಜನಕಗಳಿಂದಾದ ಗಾರ್ನೆಟ್ ಜಾತಿಯ ಸಿರಾಮಿಕ್ ಒಂದನ್ನು ವರದಿ ಮಾಡಿದರು. ಇದರೊಳಗಿನಿಂದ ಲಿಥಿಯಂ ಅಯಾನುಗಳು ಸ್ವತಃ ಹಾಯಬಲ್ಲವು. ಕೋಣೆಯ ಉಷ್ಣತೆಯಲ್ಲಿ ವಾಹಕತೆ ಹತ್ತು ಸಾವಿರದಲ್ಲಿ ಸುಮಾರು ಮೂರು ಪಾಲು.

ಬರೀ ಸಿರಾಮಿಕ್ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಬರೀ ಪಾಲಿಮರ್ ಹಾಳೆ ಬಾಗುತ್ತದೆ, ಆದರೆ ಅಯಾನುಗಳನ್ನು ಬಿಡದು. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಬಹುದೆಂಬುದು ಇಂದಿನ ಆಸೆ. ಆದರೆ ಪಾಲಿಮರಿನಿಂದ ಸಿರಾಮಿಕ್ ಕಣಕ್ಕೆ ದಾಟುವ ಗಡಿಯಲ್ಲಿ ಅಯಾನುಗಳಿಗೆ ತಡೆಯಿದೆ. ಅವು ನಿಜವಾಗಿ ಕಣದೊಳಗೆ ಹೋಗುತ್ತವೆಯೇ, ಅಂಚಿನಲ್ಲಿ ಸರಿಯುತ್ತವೆಯೇ, ಸುತ್ತಿ ಬಳಸಿ ಪಾಲಿಮರಿನಲ್ಲೇ ಸಾಗುತ್ತವೆಯೇ ಎಂಬುದು ಪುಡಿಯ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ವಿದ್ವಾಂಸರ ನಡುವೆ ಈ ಚರ್ಚೆ ಮುಗಿದಿಲ್ಲ.

ಪ್ಯಾರಿಸ್ ಕಲಿಸಿದ ಪಾಠ

ಪಾಲಿಮರ್ ಬ್ಯಾಟರಿ ರಸ್ತೆಗೆ ಇಳಿದೇ ಇಲ್ಲವೆಂದಲ್ಲ. ಫ್ರಾನ್ಸಿನ ಬೊಲ್ಲೊರೆ ಸಮೂಹ ಘನ ಪಾಲಿಮರ್ ಎಲೆಕ್ಟ್ರೊಲೈಟಿನ ಬ್ಯಾಟರಿ ತಯಾರಿಸಿತು. 2011ರಿಂದ 2018ರವರೆಗೆ ಪ್ಯಾರಿಸ್‌ನ 'ಆಟೊಲಿಬ್' ಬಾಡಿಗೆ ಕಾರುಗಳು ಅದರಲ್ಲೇ ಓಡಿದವು. ಅಯಾನುಗಳ ದಾರಿ ತೆರೆದಿರಲು ಆ ಬ್ಯಾಟರಿಯನ್ನು 60 ಡಿಗ್ರಿಗೂ ಮೇಲೆ ಬೆಚ್ಚಗಿಡಬೇಕಿತ್ತು. ನಿಲ್ಲಿಸಿದಾಗಲೂ ವಿದ್ಯುತ್ ತಿನ್ನುವ ಇಂಥ ಬ್ಯಾಟರಿ ಬಿನ್ನಿಪೇಟೆಯ ಓಣಿಯ ಸ್ಕೂಟರ್‌ಗೆ ಒಗ್ಗದು.

2022ರ ಏಪ್ರಿಲ್‌ನಲ್ಲಿ ಅದೇ ಸಮೂಹದ ಪಾಲಿಮರ್ ಬ್ಯಾಟರಿ ಹೊತ್ತ ಎರಡು ಬಸ್‌ಗಳು ಪ್ಯಾರಿಸ್‌ನಲ್ಲಿ ಒಂದೇ ತಿಂಗಳೊಳಗೆ ಸುಟ್ಟುಹೋದವು. ಸಾರಿಗೆ ಸಂಸ್ಥೆ ಅದೇ ಮಾದರಿಯ 149 ಬಸ್‌ಗಳನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡಿತು. ದ್ರವ ಇಲ್ಲದಿದ್ದರೆ ಸೋರಿಕೆ ಇಲ್ಲ, ಸುಲಭವಾಗಿ ಹೊತ್ತುವ ಆವಿಯೂ ಇಲ್ಲ ಎಂಬುದು ನಿಜ. ಆದರೆ ಪಾಲಿಮರ್ ಕೂಡ ಸಾವಯವ ವಸ್ತುವೇ. ಸಾಕಷ್ಟು ಕಾದರೆ ಉರಿಯುತ್ತದೆ. ಲಿಥಿಯಂ ಲೋಹವಂತೂ ಉರಿಯುವ ಗುಣದ್ದೇ. ಸಿರಾಮಿಕ್ ಪುಡಿ ಹಾಳೆಯನ್ನು ಗಟ್ಟಿಗೊಳಿಸುತ್ತದೆ, ಲಿಥಿಯಂ ಲೋಹ ಸೂಜಿಯಂತೆ ಬೆಳೆದು ಹಾಳೆಯನ್ನು ಚುಚ್ಚುವುದನ್ನು ತಡೆಯಲು ನೆರವಾಗುತ್ತದೆ. ಬೆಂಕಿಯ ಸಾಧ್ಯತೆ ಇದರಿಂದ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಖರೀದಿದಾರ ಕೇಳಬೇಕಾದ್ದು

ಹಾಗಾಗಿ ಯಾರಾದರೂ 'ಘನ ಬ್ಯಾಟರಿ' ಎಂದು ಜಾಹೀರಾತು ನೀಡಿದರೆ ಮೂರು ಪ್ರಶ್ನೆ ಕೇಳುವುದು ಒಳಿತು. ಒಳಗೆ ದ್ರವ ಅಥವಾ ಜೆಲ್ ಸ್ವಲ್ಪವೂ ಇಲ್ಲವೇ? 'ಅರೆ ಘನ' ಎಂಬ ಹೆಸರಿನಲ್ಲಿ ಮಾರಾಟವಾಗುವ ಬ್ಯಾಟರಿಗಳಲ್ಲಿ ದ್ರವಾಂಶ ಇದ್ದೇ ಇರುತ್ತದೆ. ಹೇಳುತ್ತಿರುವ ಸಾಮರ್ಥ್ಯ ಯಾವ ಉಷ್ಣತೆಯದು? 60 ಡಿಗ್ರಿಯಲ್ಲಿ ಸಿಕ್ಕ ಅಂಕಿ 20 ಡಿಗ್ರಿಯ ಮುಂಜಾವಿನಲ್ಲಿ ಸಿಗುವುದಿಲ್ಲ. ಸುರಕ್ಷತಾ ಪರೀಕ್ಷೆ ನಡೆದಿರುವುದು ಒಂದು ಕೋಶದ ಮೇಲೋ, ಇಡೀ ಬ್ಯಾಟರಿ ಪೆಟ್ಟಿಗೆಯ ಮೇಲೋ?

ಮೂರನೆಯ ಪ್ರಶ್ನೆಗೆ ಕಾನೂನಿನ ಬೆಂಬಲವಿದೆ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದ ಬಳಿಕ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಐಎಸ್ 156 ಎಂಬ ಮಾನದಂಡವನ್ನು ಬಿಗಿಗೊಳಿಸಿತು. ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಒಂದು ಕೋಶದ ಉರಿ ಇಡೀ ಪೆಟ್ಟಿಗೆಗೆ ಹಬ್ಬುವುದರ ಪರೀಕ್ಷೆಯೂ ಅದರಲ್ಲಿ ಸೇರಿದೆ.

ಪ್ರಯೋಗಾಲಯದ ಹಾಳೆ ಸ್ಕೂಟರಿನ ಸೀಟಿನ ಕೆಳಗೆ ಬರುವವರೆಗೆ ನಮ್ಮ ಮನೆಗಳಲ್ಲಿರುವುದು ದ್ರವ ತುಂಬಿದ ಬ್ಯಾಟರಿಯೇ. ವಾಹನದೊಂದಿಗೆ ಬಂದ ಚಾರ್ಜರ್ ಅನ್ನೇ ಬಳಸುವುದು, ಪೆಟ್ಟು ಬಿದ್ದ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಪರೀಕ್ಷಿಸದೆ ಚಾರ್ಜಿಗೆ ಹಾಕದಿರುವುದು, ಮನೆಮಂದಿ ಹೊರಹೋಗುವ ಏಕೈಕ ಬಾಗಿಲ ಬಳಿ ಅಥವಾ ಮೆಟ್ಟಿಲ ಬುಡದಲ್ಲಿ ಚಾರ್ಜ್ ಮಾಡದಿರುವುದು ಇವು ಇಂದಿನಿಂದಲೇ ಪಾಲಿಸಬಹುದಾದ ಕ್ರಮಗಳು. ವಾಹಕತೆಯ ಅಂಕಿಯಲ್ಲಿ ಎರಡು ಸೊನ್ನೆ ಕಳೆಯಲು ವಿಜ್ಞಾನಕ್ಕೆ ದಶಕಗಳು ಹಿಡಿದವು. ಮೆಟ್ಟಿಲ ಬುಡದ ಸ್ಕೂಟರನ್ನು ನಾಲ್ಕು ಹೆಜ್ಜೆ ಆಚೆ ನಿಲ್ಲಿಸಲು ಒಂದು ನಿಮಿಷ ಸಾಕು.